ಬೆಟ್ಟಾ ಮೀನಿನ ಬಾಲ ಸವೆಯುತ್ತಿದೆಯೇ? ಔಷಧಿಗೆ ಮೊದಲು ನೀರು ನೋಡಿ

ಅಂಗಡಿಯವರು ‘ಫೈಟರ್’ ಎಂದು ಕೊಡುವ ಬೆಟ್ಟಾ ಮೀನಿನ ಬಾಲ ಒಂದು ದಿನ ಇದ್ದಕ್ಕಿದ್ದಂತೆ ಹಳೆಯ ಸೀರೆಯ ಸೆರಗಿನ ಹಾಗೆ ಜುಂಗುಜುಂಗಾಗಿ ಕಾಣುತ್ತದೆ. ಮನೆಯವರು ಓಡಿಹೋಗಿ ನೀಲಿ ಔಷಧಿ ತಂದು ನಾಲ್ಕು ಹನಿ ಬಿಡುತ್ತಾರೆ. ನೀರು ಮಾತ್ರ ಹಳೆಯದೇ. ಫಿನ್ ರಾಟ್, ಅಂದರೆ ಬಾಲ, ರೆಕ್ಕೆ ಕೊಳೆಯುವ ಈ ರೋಗ, ತಿಂಗಳುಗಟ್ಟಲೆ ಎಳೆಯುವುದು ಹೆಚ್ಚಾಗಿ ಇದೇ ಕಾರಣಕ್ಕೆ. ರೆಕ್ಕೆ ಕೊಳೆಸುವ ಏರೋಮೊನಾಸ್, ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾಗಳು ಎಲ್ಲ ತೊಟ್ಟಿಗಳಲ್ಲೂ ಸಾಮಾನ್ಯ. ಗಟ್ಟಿಮುಟ್ಟಾದ ಮೀನಿನ ಮೈಮೇಲಿನ ಲೋಳೆ ಅವುಗಳನ್ನು ದೂರವಿಡುತ್ತದೆ. ಮೀನಿನ ವಿಸರ್ಜನೆ, ಉಳಿದ ಆಹಾರದಿಂದ ನೀರಿಗೆ ಸೇರುವ ಅಮೋನಿಯಾ ಆ ಲೋಳೆಯನ್ನು ಸುಟ್ಟಾಗ, ನೀರು ತಣ್ಣಗಾಗಿ ಮೀನಿನ ಶಕ್ತಿ ಕುಗ್ಗಿದಾಗ ಅವು ಒಳಹೊಗುತ್ತವೆ.

ಮೊದಲು ಇದು ನಿಜವಾಗಿಯೂ ಕೊಳೆಯೇ ಎಂದು ಖಚಿತ ಮಾಡಿಕೊಳ್ಳಿ. ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ತೊಟ್ಟಿಯ ಹಿಂದೆ ಹಿಡಿದು ಬಾಲದ ಅಂಚನ್ನು ನೋಡಿ. ಕೊಳೆತ ಅಂಚು ಕಪ್ಪಾಗಿಯೋ ಕೆಂಪಾಗಿಯೋ ಕಾಣುತ್ತದೆ, ಕೆಲವೊಮ್ಮೆ ಬಿಳಿ ಹೊಗೆ ಸುತ್ತಿದಂತಿರುತ್ತದೆ. ಸವೆತ ದಿನದಿಂದ ದಿನಕ್ಕೆ ಒಳಗೆ ಸರಿಯುತ್ತದೆ. ರಾತ್ರಿ ಸರಿಯಾಗಿದ್ದ ಬಾಲದಲ್ಲಿ ಬೆಳಿಗ್ಗೆ ಅರ್ಧಚಂದ್ರಾಕಾರದ ತುಂಡು ಕಾಣೆಯಾಗಿ, ಅಂಚು ಸ್ವಚ್ಛವಾಗಿದ್ದರೆ ಮೀನು ತನ್ನ ಬಾಲವನ್ನು ತಾನೇ ಕಚ್ಚಿಕೊಂಡಿದೆ. ಭಾರವಾದ ಬಾಲದ ಹಾಫ್‌ಮೂನ್ ತಳಿಯಲ್ಲಿ ಇದು ಮಾಮೂಲು. ನೇರವಾದ ಸೀಳು ಪ್ಲಾಸ್ಟಿಕ್ ಗಿಡಕ್ಕೆ ಸಿಕ್ಕಿಬಿದ್ದು ಹರಿದದ್ದು. ಈ ಎರಡಕ್ಕೂ ಔಷಧಿ ಬೇಡ, ಶುದ್ಧ ನೀರು ಸಾಕು. ಆದರೆ ಗಲೀಜು ನೀರಿನಲ್ಲಿ ಬಿಟ್ಟರೆ ಆ ಗಾಯವೇ ಕೊಳೆಯಲು ಶುರುವಾಗುತ್ತದೆ.

ಈಗ ನೀರು. ಹನಿ ಹಾಕಿ ನೋಡುವ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ಅದರಿಂದಲೇ ಹುಟ್ಟುವ ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಅಮೋನಿಯಾ 0.25 ಪಿಪಿಎಂ (ಲೀಟರಿಗೆ 0.25 ಮಿಲಿಗ್ರಾಂ) ತೋರಿಸಿದರೂ ಅಂದೇ ನೀರು ಬದಲಿಸಿ. ಬೋರ್‌ವೆಲ್ ನೀರು ಬಳಸುವವರು ಇಲ್ಲಿ ಇನ್ನಷ್ಟು ಎಚ್ಚರವಾಗಿರಬೇಕು: ಆ ನೀರಿನ ಪಿಎಚ್ ಹಲವೆಡೆ ಹೆಚ್ಚಿರುತ್ತದೆ, ಪಿಎಚ್ 7ರಲ್ಲಿ ಇರುವುದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು ಅಮೋನಿಯಾ ಪಿಎಚ್ 8ರಲ್ಲಿ ವಿಷರೂಪದಲ್ಲಿರುತ್ತದೆ. ಕಿಟ್ ಇಲ್ಲವೇ? ಫಿಲ್ಟರ್ ಇಲ್ಲದ 3 ಲೀಟರ್ ಗಾಜಿನ ಬಟ್ಟಲಲ್ಲಿ ವಾರದಿಂದ ಅದೇ ನೀರಿದ್ದರೆ ಅದು ಕೆಟ್ಟಿದೆ ಎಂದೇ ತಿಳಿಯಿರಿ.

10 ಲೀಟರ್ ತೊಟ್ಟಿಯಾದರೆ ಮೊದಲ ವಾರ ದಿನಾ 3 ಲೀಟರ್ ತೆಗೆದು ಹೊಸದು ಹಾಕಿ. ತಳದ ಕಸವನ್ನು ಪೈಪಿನಿಂದ ಎಳೆಯಿರಿ. ನಲ್ಲಿ ನೀರಿಗೆ ಲೇಬಲ್‌ನಲ್ಲಿ ಹೇಳಿದಷ್ಟು ಆ್ಯಂಟಿ-ಕ್ಲೋರಿನ್ ಬೆರೆಸಿ. ಹೊಸ ನೀರಿನ ಬಿಸಿಯೂ ತೊಟ್ಟಿಯದಕ್ಕೆ ಹೊಂದಬೇಕು, ಥರ್ಮಾಮೀಟರ್ ಇಟ್ಟು ನೋಡಿ. ಬರೀ ಆರ್‌ಒ ನೀರು ಒಳ್ಳೆಯದೆಂದು ಹಾಕುವವರಿದ್ದಾರೆ. ಅದರಲ್ಲಿ ಖನಿಜಗಳು ತೀರಾ ಕಡಿಮೆ, ಪಿಎಚ್ ನಿಲ್ಲುವುದಿಲ್ಲ. ಗಡಸು ಬೋರ್ ನೀರಿಗೆ ಅರ್ಧಕ್ಕರ್ಧ ಬೆರೆಸಿದರೆ ಮಾತ್ರ ಉಪಯೋಗ. ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ತೊಳೆಯಬೇಡಿ. ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾ ಅದರಲ್ಲೇ ಇರುವುದು, ಕ್ಲೋರಿನ್‌ಗೆ ಸತ್ತುಹೋಗುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ಹಾಕಿ.

ಬೆಟ್ಟಾ ಥಾಯ್ಲೆಂಡ್‌ನ ಗದ್ದೆ, ಜೌಗುಗಳ ಬೆಚ್ಚನೆಯ ನೀರಿನ ಮೀನು. ಅದಕ್ಕೆ 26ರಿಂದ 28 ಡಿಗ್ರಿ ಬೇಕು. ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲಿ ಕಿಟಕಿ ಪಕ್ಕದ ಬಟ್ಟಲು ಅಷ್ಟು ಬೆಚ್ಚಗಿರುವುದಿಲ್ಲ, ಗಾಯವೂ ಮಾಯುವುದಿಲ್ಲ. 10 ಲೀಟರಿಗೆ 25 ವ್ಯಾಟ್‌ನ ಥರ್ಮೋಸ್ಟಾಟ್ ಹೀಟರ್ ಸಾಕು. ನೀರು ಬದಲಿಸುವಾಗ ಅದರ ಸ್ವಿಚ್ ಆರಿಸಲು ಮರೆಯಬೇಡಿ, ನೀರಿನಿಂದ ಹೊರಬಂದ ಬಿಸಿ ಗಾಜು ಒಡೆಯುತ್ತದೆ.

ರೆಕ್ಕೆಯ ಅಂಚಷ್ಟೇ ಕೊಳೆತಿದ್ದರೆ ಮುಂದಿನ ಮದ್ದು ಉಪ್ಪು. ಏನೂ ಬೆರೆಸದ ಕಲ್ಲುಪ್ಪು, ಲೀಟರಿಗೆ 1 ಗ್ರಾಂ. ಚಮಚದ ಲೆಕ್ಕ ನಂಬಬೇಡಿ, ಅಡುಗೆ ತಕ್ಕಡಿಯಲ್ಲಿ ತೂಗಿ. 10 ಲೀಟರಿಗೆ ಬೇಕಾದ 10 ಗ್ರಾಂನಲ್ಲಿ ಅರ್ಧ ಸಂಜೆ, ಅರ್ಧ ಮರುದಿನ ಬೆಳಿಗ್ಗೆ. ಮಗ್‌ನಲ್ಲಿ ಪೂರ್ತಿ ಕರಗಿಸಿ ನಿಧಾನವಾಗಿ ಸುರಿಯಿರಿ. ಹರಳು ಹಾಗೇ ಹಾಕಿದರೆ ತಳದಲ್ಲಿ ಮಲಗಿದ ಮೀನಿನ ಹೊಟ್ಟೆ ಸುಡುತ್ತದೆ. ತಪ್ಪು ಹೆಚ್ಚಾಗಿ ನಡೆಯುವುದು ಇದರ ಮುಂದೆ: 3 ಲೀಟರ್ ನೀರು ತೆಗೆದಾಗ 3 ಗ್ರಾಂ ಮಾತ್ರ ಮತ್ತೆ ಸೇರಿಸಬೇಕು. ನೀರು ಆವಿಯಾಗಿ ಕಡಿಮೆಯಾಗಿದ್ದರೆ ಉಪ್ಪಿಲ್ಲದ ನೀರನ್ನೇ ತುಂಬಿ, ಏಕೆಂದರೆ ಉಪ್ಪು ಆವಿಯಾಗುವುದಿಲ್ಲ. 10 ದಿನಕ್ಕೆ ನಿಲ್ಲಿಸಿ, ನೀರು ಬದಲಿಸುತ್ತಾ ಇಳಿಸಿಬಿಡಿ. ತೊಟ್ಟಿಯಲ್ಲಿ ಜೀವಂತ ಗಿಡಗಳಿದ್ದರೆ ಮೀನನ್ನು ಬೇರೆ ಟಬ್‌ಗೆ ಹಾಕಿಯೇ ಉಪ್ಪು ಕೊಡಿ. ಆ ಟಬ್‌ನಲ್ಲಿ ಫಿಲ್ಟರ್ ಇರದಿದ್ದರೆ ದಿನಾ ಅರ್ಧಕ್ಕಿಂತ ಹೆಚ್ಚು ನೀರು ಬದಲಾಗಬೇಕು.

ಕಾಡುಬಾದಾಮಿ ಮರದಿಂದ ತಾನಾಗಿ ಉದುರಿದ, ಒಣಗಿ ಕಂದಾದ ಎಲೆಯೊಂದನ್ನು ತೊಳೆದು ಹಾಕುವುದು ಒಳ್ಳೆಯ ಅಭ್ಯಾಸ. ನೀರು ತಿಳಿ ಚಹಾ ಬಣ್ಣಕ್ಕೆ ಬರುತ್ತದೆ, ಎಲೆಯ ಒಗರು ಬ್ಯಾಕ್ಟೀರಿಯಾವನ್ನು ಸ್ವಲ್ಪ ತಡೆಯುತ್ತದೆ. ಅದು ಆಸರೆ ಅಷ್ಟೆ, ಚಿಕಿತ್ಸೆ ಅಲ್ಲ. ವಾಹನ ಓಡಾಡುವ ರಸ್ತೆಯ, ಕೀಟನಾಶಕ ಹೊಡೆದ ಮರದ ಎಲೆ ಬೇಡ.

ಆ ನೀಲಿ ಔಷಧಿ, ಮೆಥಿಲೀನ್ ಬ್ಲೂ, ಮುಖ್ಯವಾಗಿ ಶಿಲೀಂಧ್ರಕ್ಕೆ. ತೊಟ್ಟಿಗೇ ಸುರಿದರೆ ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾವೂ ಸಾಯುತ್ತದೆ, ಅಮೋನಿಯಾ ಮತ್ತೆ ಏರುತ್ತದೆ. ಹಾಕಲೇಬೇಕಿದ್ದರೆ ಬೇರೆ ಟಬ್‌ನಲ್ಲಿ, ಲೇಬಲ್‌ನ ಪ್ರಮಾಣದಲ್ಲಿ ಹಾಕಿ. ಮೆಡಿಕಲ್ ಶಾಪಿನ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಬಿಡಿಸಿ ಸುರಿಯುವುದಂತೂ ಖಂಡಿತ ಬೇಡ. ಗಡಸು ನೀರಿನ ಕ್ಯಾಲ್ಸಿಯಂ ಅದನ್ನು ಕಟ್ಟಿಹಾಕುತ್ತದೆ. ಅರೆಬರೆ ಪ್ರಮಾಣದಲ್ಲಿ ಉಳಿದ ಬ್ಯಾಕ್ಟೀರಿಯಾ ಔಷಧಿಗೆ ಒಗ್ಗಿಕೊಳ್ಳುತ್ತದೆ.

ಕೊಳೆ ರೆಕ್ಕೆಯ ಬುಡ ಮುಟ್ಟಿ ಮೈಗೆ ಹತ್ತಿದರೆ, ಮೀನು ತಿನ್ನುವುದು ಬಿಟ್ಟರೆ, 5 ದಿನ ಶುದ್ಧ ನೀರು, ಉಪ್ಪು ಕೊಟ್ಟರೂ ಸವೆತ ನಿಲ್ಲದಿದ್ದರೆ ಮೀನು ಬಲ್ಲ ಪಶುವೈದ್ಯರಿಗೆ ತೋರಿಸಿ. ಬುಡವೇ ಹೋದ ಜಾಗದಲ್ಲಿ ರೆಕ್ಕೆ ಮತ್ತೆ ಬರುವುದಿಲ್ಲ. ಬೆನ್ನ ಮೇಲೆ ಕುದುರೆ ಜೀನಿನಂತೆ ಬೂದುಬಿಳಿ ಪಟ್ಟೆ ಕಂಡರೆ ಅದು ಕೊಲಮ್ನಾರಿಸ್ ಇರಬಹುದು. ಒಂದೆರಡು ದಿನದಲ್ಲೇ ಕೊಲ್ಲಬಲ್ಲ ರೋಗ, ಬಿಸಿ ಹೆಚ್ಚಿದಷ್ಟೂ ಬೇಗ ಹರಡುತ್ತದೆ. ಆಗ ಹೀಟರ್ ಏರಿಸಬೇಡಿ, ಅಂದೇ ವೈದ್ಯರ ಬಳಿ ಹೋಗಿ.

ಚಿಕಿತ್ಸೆಯ ದಿನಗಳಲ್ಲಿ ಊಟ ಕಡಿಮೆ ಇರಲಿ: ದಿನಕ್ಕೊಮ್ಮೆ ಮೀನಿನ ಆಹಾರದ ಎರಡು ಮೂರು ಸಣ್ಣ ಕಾಳು, ಉಳಿದದ್ದನ್ನು ಹತ್ತು ನಿಮಿಷದಲ್ಲಿ ತೆಗೆಯಿರಿ. ದಿನ ಬಿಟ್ಟು ದಿನ ಒಂದೇ ಕೋನದಿಂದ ಫೋಟೋ ತೆಗೆದಿಡಿ. ಒಂದೆರಡು ವಾರದಲ್ಲಿ ಹಳೆಯ ಅಂಚಿನಾಚೆ ತೆಳ್ಳನೆಯ, ಗಾಜಿನಂಥ ಪೊರೆ ಕಾಣುತ್ತದೆ. ಬಿಳಿ ಕೊಳೆ ಮರುಕಳಿಸಿತೆಂದು ಹೆದರಿ ಮತ್ತೆ ಉಪ್ಪು ಹಾಕುವವರು ಬಹಳ. ಟಾರ್ಚ್ ಬೆಳಕು ಆರಪಾರ ಹಾಯ್ದು ಅಂಚು ನುಣುಪಾಗಿದ್ದರೆ ಅದು ಹೊಸ ರೆಕ್ಕೆ. ಬಣ್ಣ ತಡವಾಗಿ ತುಂಬುತ್ತದೆ, ಕೆಲವೊಮ್ಮೆ ಮೊದಲಿನ ಬಣ್ಣವೇ ಬರುವುದಿಲ್ಲ, ಅಂಚು ಸ್ವಲ್ಪ ಸುಕ್ಕಾಗಿಯೇ ಉಳಿಯಬಹುದು. ಮೂರು ವಾರವಾದರೂ ಆ ಪೊರೆ ಕಾಣದಿದ್ದರೆ ಅಮೋನಿಯಾವನ್ನು ಮತ್ತೊಮ್ಮೆ ಅಳೆಯಿರಿ, ಬೆಳಗಿನ ಜಾವ ಐದಕ್ಕೆದ್ದು ನೀರಿನ ಬಿಸಿಯನ್ನೂ ನೋಡಿ.