‘ಖುಷಿಗೆ’ ಕೊಟ್ಟ ದುಡ್ಡೂ ಲಂಚವೇನಾ?

ಪ್ರಶ್ನೆ: ಖಾತೆ ಬದಲಾವಣೆಗೆ ಎಲ್ಲ ದಾಖಲೆ ಸರಿಯಾಗಿಯೇ ಕೊಟ್ಟಿದ್ದೆವು. ಕೆಲಸ ಆದ ಮೇಲೆ ಗುಮಾಸ್ತರು “ಖುಷಿಗೆ ಏನಾದ್ರೂ ಕೊಡಿ” ಅಂದರು, ಕೊಟ್ಟೆವು. ನಾವು ತಪ್ಪು ಕೆಲಸವೇನೂ ಮಾಡಿಸಿಕೊಂಡಿಲ್ಲ ಅಲ್ವಾ? ಇದಕ್ಕೂ ಲಂಚ ಅಂತಾರಾ?

ಉತ್ತರ: ಹೌದು, ಇದೂ ಲಂಚವೇ.

ತಪ್ಪು ಕೆಲಸಕ್ಕೆ ಕೊಟ್ಟರೆ ಮಾತ್ರ ಲಂಚ ಅಂತ ಎಷ್ಟೋ ಜನ ತಿಳಿದಿದ್ದಾರೆ. ಕಾನೂನಿನ ಲೆಕ್ಕ ಬೇರೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯನ್ನು 2018ರಲ್ಲಿ ತಿದ್ದಿದಾಗ 7ನೇ ಸೆಕ್ಷನ್‌ಗೆ ಒಂದು ಉದಾಹರಣೆಯನ್ನೇ ಸೇರಿಸಿದರು: ಮಾಮೂಲಿ ರೇಷನ್ ಕಾರ್ಡ್ ಅರ್ಜಿಯನ್ನು ಸಮಯಕ್ಕೆ ಸರಿಯಾಗಿ ಮುಗಿಸಲು ನೌಕರ 5,000 ರೂಪಾಯಿ ಕೇಳುತ್ತಾನೆ. ಅರ್ಜಿಯಲ್ಲಿ ತಪ್ಪಿಲ್ಲ. ಆದರೂ ಆತ ಅಪರಾಧಿ. ಕೆಲಸವನ್ನು ನ್ಯಾಯವಾಗಿಯೇ ಮಾಡಿದ್ದರೂ ದುಡ್ಡು ಪಡೆಯುವುದು ಅಪರಾಧ ಅಂತ ಅದೇ ಸೆಕ್ಷನ್ ಬಿಡಿಸಿ ಹೇಳುತ್ತದೆ. ಶಿಕ್ಷೆ 3ರಿಂದ 7 ವರ್ಷ ಜೈಲು, ಜೊತೆಗೆ ದಂಡ.

ದುಡ್ಡೇ ಆಗಬೇಕೆಂದಿಲ್ಲ. ಮಗನಿಗೆ ಕೆಲಸ, ಮನೆಗೆ ಫ್ರಿಜ್ಜು, ಯಾವುದಾದರೂ ಸರಿ. ಮಧ್ಯವರ್ತಿಯ ಕೈಗೆ ಕೊಡಿಸಿಕೊಂಡರೂ ತಪ್ಪಿಸಿಕೊಳ್ಳುವಂತಿಲ್ಲ.

ನಮ್ಮ ಮಾತಿನಲ್ಲಿ ಇದಕ್ಕೆ ಹೆಸರು ಒಂದೇ ಎರಡೇ? ಕಾಫಿ ಖರ್ಚು, ಕೈ ಬೆಚ್ಚಗೆ ಮಾಡೋದು, ಗಿಂಬಳ, ಮಾಮೂಲು. ನನಗೆ ಇವುಗಳಲ್ಲಿ ತುಂಬಾ ನೋವು ಕೊಡುವುದು ‘ಮಾಮೂಲು’. ಕೇಳುವವರಿಗೆ ಸಂಕೋಚ ಇಲ್ಲ, ಕೊಡುವವರಿಗೆ ಸಿಟ್ಟೂ ಬರುವುದಿಲ್ಲ. ಕೊಡಲಾಗದ ಬಡವರ ಫೈಲು ಮಾತ್ರ ಅಲ್ಲೇ ಕೊಳೆಯುತ್ತದೆ.

ಹಾಗಾದರೆ ಕೊಟ್ಟವರ ಗತಿ? 2018ರ ತಿದ್ದುಪಡಿಯ ಪ್ರಕಾರ, ನೌಕರನಿಂದ ತಪ್ಪು ಕೆಲಸ ಮಾಡಿಸಿಕೊಳ್ಳಲು ಅಥವಾ ಮಾಡಿಸಿಕೊಂಡಿದ್ದಕ್ಕೆ ಕೊಡುವುದೂ ಅಪರಾಧ. 7 ವರ್ಷದವರೆಗೆ ಜೈಲು ಆಗಬಹುದು. ಆದರೆ ಬಲವಂತಕ್ಕೆ ಸಿಕ್ಕಿ ಕೊಟ್ಟವರು 7 ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಅವರ ಮೇಲೆ ಈ ಅಪರಾಧ ಬರುವುದಿಲ್ಲ. ಈ 7 ದಿನದ ವಿಷಯ ಬಹಳ ಜನಕ್ಕೆ ಗೊತ್ತೇ ಇಲ್ಲ.

ಕೊಡುವ ಮೊದಲೇ ದೂರು ಕೊಟ್ಟರೆ ಇನ್ನೂ ಒಳ್ಳೆಯದು. ಕರ್ನಾಟಕದಲ್ಲಿ ಎಸಿಬಿಯನ್ನು (ಭ್ರಷ್ಟಾಚಾರ ನಿಗ್ರಹ ದಳ) ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ರದ್ದು ಮಾಡಿತು. ಈಗ ಲೋಕಾಯುಕ್ತ ಪೊಲೀಸರ ಹತ್ತಿರ ಹೋಗಬೇಕು. ಲಂಚ ಕೇಳಿದವರನ್ನು ಹಿಡಿಯಲು ಅವರು ನೋಟುಗಳಿಗೆ ಫಿನಾಫ್ತಲೀನ್ ಪುಡಿ ಸವರಿ ದೂರುದಾರರ ಕೈಲಿ ಕಳಿಸುತ್ತಾರೆ. ಕಣ್ಣಿಗೆ ಅದು ಕಾಣುವುದೇ ಇಲ್ಲ. ನೋಟು ಮುಟ್ಟಿದವರ ಬೆರಳನ್ನು ಸೋಡಿಯಂ ಕಾರ್ಬೋನೇಟ್ ಬೆರೆಸಿದ ನೀರಿನಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ನೀರನ್ನು ಬಾಟಲಿಗೆ ತುಂಬಿ ಸೀಲ್ ಮಾಡುತ್ತಾರೆ.

ಬರೀ ಗುಲಾಬಿ ನೀರು ಸಾಲದು. ನೌಕರ ಲಂಚ ಕೇಳಿದ್ದೂ ತೆಗೆದುಕೊಂಡಿದ್ದೂ ಸಾಬೀತಾಗಬೇಕು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2022ರ ಡಿಸೆಂಬರ್‌ನಲ್ಲಿ ಹೇಳಿದೆ. ದೂರುದಾರ ತೀರಿಕೊಂಡಿದ್ದರೆ ಅಥವಾ ಮಾತು ಬದಲಿಸಿದರೆ, ಸಾಂದರ್ಭಿಕ ಸಾಕ್ಷ್ಯದಿಂದಲೂ ಸಾಬೀತು ಮಾಡಬಹುದು ಅಂತಲೂ ಅದೇ ತೀರ್ಪಿನಲ್ಲಿದೆ. ಅದಕ್ಕೇ ಹೇಳೋದು, ಯಾರು, ಯಾವ ದಿನ, ಯಾವ ಕೆಲಸಕ್ಕೆ, ಎಷ್ಟು ಕೇಳಿದರು ಅನ್ನುವುದನ್ನು ಅವತ್ತೇ ಬರೆದಿಟ್ಟುಕೊಳ್ಳಿ. ಫೋನಿನಲ್ಲಿ ಕೇಳಿದ್ದರೆ ಆ ರೆಕಾರ್ಡಿಂಗ್, ಮೆಸೇಜು ಯಾವುದನ್ನೂ ಅಳಿಸಬೇಡಿ.