ಫ್ರಾಂಕನ್‌ಸ್ಟೈನ್‌ನ ಜೀವಿಗೆ ಮಾತು ಮರಳಿ ಬಂದದ್ದು ಹೇಗೆ

ಕೆರೆ ದಂಡೆಯಲ್ಲಿ ಒಬ್ಬಳು ಪುಟ್ಟ ಹುಡುಗಿ ಆಡುತ್ತಿದ್ದಾಳೆ. ಪೊದೆ ಸರಿಸಿಕೊಂಡು ಒಬ್ಬ ದೈತ್ಯ ಬರುತ್ತಾನೆ. ಚಪ್ಪಟೆ ತಲೆ, ಹಣೆಯಲ್ಲಿ ಗಾಯದ ಗುರುತು, ಕತ್ತಿನ ಎರಡೂ ಬದಿ ಲೋಹದ ತುಂಡು. ಹುಡುಗಿ ಹೆದರುವುದಿಲ್ಲ. ಅವನ ಕೈ ಹಿಡಿದು ಕೂರಿಸಿಕೊಂಡು ಹೂ ಕೊಡುತ್ತಾಳೆ. ಇಬ್ಬರೂ ಒಂದೊಂದೇ ಹೂ ನೀರಿಗೆ ಎಸೆಯುತ್ತಾರೆ. ಹೂಗಳು ಪುಟಾಣಿ ದೋಣಿಗಳ ಹಾಗೆ ತೇಲುತ್ತವೆ. ಅವನು ನಗುತ್ತಾನೆ. ಕೈಯಲ್ಲಿದ್ದ ಹೂ ಮುಗಿಯುತ್ತವೆ. ಹುಡುಗಿಯೂ ತೇಲುತ್ತಾಳೆ ಅಂದುಕೊಂಡು ಅವಳನ್ನೇ ಎತ್ತಿ ನೀರಿಗೆ ಹಾಕುತ್ತಾನೆ. ಅವಳು ಮುಳುಗುತ್ತಾಳೆ. ಅವನು ಗಾಬರಿಯಿಂದ ಓಡಿಹೋಗುತ್ತಾನೆ.

ಇದು 1931ರ ‘ಫ್ರಾಂಕನ್‌ಸ್ಟೈನ್’ ಸಿನಿಮಾದ ದೃಶ್ಯ. ನಿರ್ದೇಶಕ ಜೇಮ್ಸ್ ವೇಲ್. ಫ್ರಾಂಕನ್‌ಸ್ಟೈನ್ ಅನ್ನುವ ವಿಜ್ಞಾನಿ ಸತ್ತವರ ದೇಹದಿಂದ ಸೃಷ್ಟಿಸಿದ ಜೀವಿಯ ಪಾತ್ರದಲ್ಲಿ ಬೋರಿಸ್ ಕಾರ್ಲಾಫ್. ಈ ದೃಶ್ಯಕ್ಕೆ ಸೆನ್ಸಾರ್ ಕತ್ತರಿ ಬಿತ್ತು. ಹಲವು ದಶಕ ಜನರಿಗೆ ಸಿಕ್ಕಿದ ಪ್ರತಿಯಲ್ಲಿ ಅವನ ಕೈ ಹುಡುಗಿಯತ್ತ ಚಾಚುವುದಷ್ಟೇ ಇತ್ತು. ಆಮೇಲೆ ಕಾಣುವುದು ಸತ್ತ ಮಗಳನ್ನು ಹೊತ್ತು ಊರಿನೊಳಗೆ ನಡೆದು ಬರುವ ಅಪ್ಪ. ನಡುವೆ ಏನಾಗಿರಬಹುದು ಅಂತ ಪ್ರೇಕ್ಷಕರು ಊಹಿಸಿಕೊಳ್ಳಬೇಕಿತ್ತು. ಊಹೆ ನಿಜಕ್ಕಿಂತ ಕೆಟ್ಟದಾಗಿಯೇ ಇರುತ್ತದೆ, ಅಲ್ವಾ? ತಿಳಿಯದೆ ಮಾಡಿದ ತಪ್ಪು ಕ್ರೌರ್ಯದ ಹಾಗೆ ಕಂಡಿತು. ಪೂರ್ತಿ ದೃಶ್ಯ ಮತ್ತೆ ಸೇರಿದ್ದು 1980ರ ದಶಕದಲ್ಲಿ.

ಹೀಗೆ ಆಗಲಿಲ್ಲ, ನಾನು ಬೇಕಂತ ಮಾಡಲಿಲ್ಲ ಅಂತ ಹೇಳಿಕೊಳ್ಳಲು ಆ ಜೀವಿಗೆ ಬಾಯಿಯೇ ಇರಲಿಲ್ಲ. 2014ರಲ್ಲಿ ‘ಪೆನ್ನಿ ಡ್ರೆಡ್‌ಫುಲ್’ ಧಾರಾವಾಹಿ ಬಂದಾಗ ನನಗೆ ಎಲ್ಲಕ್ಕಿಂತ ಜಾಸ್ತಿ ತಟ್ಟಿದ್ದು ಇದೇ ವಿಷಯ. ಅದರಲ್ಲಿ ಫ್ರಾಂಕನ್‌ಸ್ಟೈನ್‌ನ ಜೀವಿ ಮಾತಾಡುತ್ತಾನೆ. ಚೆನ್ನಾಗಿ ಮಾತಾಡುತ್ತಾನೆ. ಕವಿತೆ ಹೇಳುತ್ತಾನೆ.

ಇದು ಧಾರಾವಾಹಿಯವರು ಹೊಸದಾಗಿ ಸೇರಿಸಿದ್ದಲ್ಲ. ಮೇರಿ ಶೆಲ್ಲಿ 1818ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಅವನು ಮಹಾ ಮಾತುಗಾರ. (ಫ್ರಾಂಕನ್‌ಸ್ಟೈನ್ ಅನ್ನುವುದು ಅವನನ್ನು ಸೃಷ್ಟಿಸಿದವನ ಹೆಸರು. ಜೀವಿಗೆ ಹೆಸರೇ ಇಲ್ಲ.) ಒಂದು ಮನೆಗೆ ಅಂಟಿಕೊಂಡ ಸಣ್ಣ ಕೊಟ್ಟಿಗೆಯಲ್ಲಿ ಅಡಗಿಕೊಂಡು, ಗೋಡೆಯ ಸಂದಿಯಿಂದ ಆ ಮನೆಯವರ ಮಾತು ಕೇಳಿ ಕೇಳಿ ಭಾಷೆ ಕಲಿಯುತ್ತಾನೆ. ಕಾಡಿನಲ್ಲಿ ಸಿಕ್ಕ ಪುಸ್ತಕಗಳಲ್ಲಿ ಇಂಗ್ಲಿಷ್ ಕವಿ ಮಿಲ್ಟನ್‌ನ ಮಹಾಕಾವ್ಯವನ್ನೂ ಓದುತ್ತಾನೆ. ಆಮೇಲೆ ತನ್ನನ್ನು ಹುಟ್ಟಿಸಿದವನ ಎದುರು ನಿಂತು, ಯಾಕೆ ಹುಟ್ಟಿಸಿದೆ, ಯಾಕೆ ಬಿಟ್ಟು ಹೋದೆ ಅಂತ ಅಧ್ಯಾಯಗಟ್ಟಲೆ ಕೇಳುತ್ತಾನೆ. ಕಾದಂಬರಿಯ ಜೀವಾಳವೇ ಅದು.

ಆ ಮಾತು ಹೋದದ್ದು ಸಿನಿಮಾಕ್ಕಿಂತ ಬಹಳ ಮೊದಲು. 1823ರಲ್ಲಿ ಲಂಡನ್‌ನಲ್ಲಿ ಈ ಕಥೆ ನಾಟಕವಾಯಿತು. ರಂಗದ ಮೇಲೆ ಜೀವಿ ಮೂಕ. ಪಾತ್ರಗಳ ಪಟ್ಟಿಯಲ್ಲಿ ಅವನ ಹೆಸರಿನ ಜಾಗದಲ್ಲಿ ಬರೀ ಗೆರೆ ಎಳೆದಿದ್ದರು. ಮೇರಿ ಶೆಲ್ಲಿ ಸ್ವತಃ ಹೋಗಿ ನಾಟಕ ನೋಡಿದರು, ಹೆಸರಿಲ್ಲದವನಿಗೆ ಗೆರೆ ಎಳೆದದ್ದು ಅವರಿಗೆ ಹಿಡಿಸಿತು. ಮೂಕನನ್ನಾಗಿ ಮಾಡುವುದು ಮಾತ್ರ ಅಲ್ಲಿಂದಲೇ ರೂಢಿಯಾಯಿತು.

ನೂರು ವರ್ಷದ ಮೇಲೆ ಯೂನಿವರ್ಸಲ್ ಸ್ಟುಡಿಯೋ ಅದೇ ದಾರಿ ಹಿಡಿಯಿತು. 1931ರಲ್ಲೇ ಬೇಲಾ ಲುಗೋಸಿ ನಟಿಸಿದ ‘ಡ್ರಾಕುಲಾ’ ಗೆದ್ದಿತ್ತು. ಹಿಂದೆಯೇ ಫ್ರಾಂಕನ್‌ಸ್ಟೈನ್, 1932ರಲ್ಲಿ ಮಮ್ಮಿ, 1933ರಲ್ಲಿ ಅದೃಶ್ಯ ಮನುಷ್ಯ, 1941ರಲ್ಲಿ ತೋಳಮನುಷ್ಯ. ಕಾರ್ಲಾಫ್‌ನ ಮುಖ ರೂಪಿಸಿದ್ದು ಮೇಕಪ್ ಕಲಾವಿದ ಜ್ಯಾಕ್ ಪಿಯರ್ಸ್. ಆ ಮುಖ ಎಷ್ಟು ಗಟ್ಟಿಯಾಗಿ ಜನರ ಮನಸ್ಸಿನಲ್ಲಿ ಕೂತಿತೆಂದರೆ, ಮಾತು ಇಲ್ಲದಿರುವುದು ಯಾರಿಗೂ ಕೊರತೆ ಅನ್ನಿಸಲಿಲ್ಲ. 1935ರ ಮುಂದಿನ ಭಾಗದಲ್ಲಿ ವೇಲ್ ಅವನಿಗೆ ಕೆಲವು ಪದ ಕೊಟ್ಟರು. ಕಾಡಿನ ಗುಡಿಸಲಿನ ಕುರುಡ ಮುದುಕ ಅವನಿಗೆ ಬ್ರೆಡ್ಡು, ಗೆಳೆಯ, ಒಳ್ಳೆಯದು ಅನ್ನುವ ಮಾತು ಕಲಿಸುತ್ತಾನೆ. ಆ ಭಾಗ ನೋಡುವಾಗ ಕಣ್ಣು ಒದ್ದೆಯಾಗುತ್ತದೆ. 1939ರ ಚಿತ್ರದಲ್ಲಿ ಮತ್ತೆ ಮೌನ.

1943ರಲ್ಲಿ ಆದದ್ದು ಇನ್ನೂ ಬೇಸರದ ಸಂಗತಿ. ಆ ವರ್ಷ ಜೀವಿಯನ್ನೂ ತೋಳಮನುಷ್ಯನನ್ನೂ ಒಂದೇ ಚಿತ್ರದಲ್ಲಿ ಎದುರುಬದುರು ನಿಲ್ಲಿಸಿದರು. ಜೀವಿಯ ಪಾತ್ರ ಲುಗೋಸಿಗೆ ಬಂತು. ಕಥೆಯಲ್ಲಿ ಅವನು ಕುರುಡ, ಜೊತೆಗೆ ಮಾತೂ ಇತ್ತು. ಚಿತ್ರೀಕರಣ ಮುಗಿದ ಮೇಲೆ ಸ್ಟುಡಿಯೋ ಅವನ ಮಾತನ್ನೆಲ್ಲ ತೆಗೆದುಹಾಕಿತು. ಕಣ್ಣು ಕಾಣದು ಅನ್ನುವ ವಿವರವೂ ಮಾತಿನ ಜೊತೆಗೇ ಹೋಯಿತು. ಉಳಿದದ್ದು ಎರಡೂ ಕೈ ಮುಂದೆ ಚಾಚಿ ತಡವರಿಸುತ್ತಾ ನಡೆಯುವ ಒಬ್ಬ ದೈತ್ಯ. ಇವತ್ತಿಗೂ ಮಕ್ಕಳು ಫ್ರಾಂಕನ್‌ಸ್ಟೈನ್ ಆಟ ಆಡುವಾಗ ಕೈ ಚಾಚಿಕೊಂಡೇ ನಡೆಯುತ್ತಾರೆ. ಅದು ಕುರುಡನ ನಡಿಗೆ ಅಂತ ಎಷ್ಟು ಜನರಿಗೆ ಗೊತ್ತು!

1948ರಲ್ಲಿ ಈ ಪಾತ್ರಗಳು ಹಾಸ್ಯ ಚಿತ್ರಕ್ಕೆ ಇಳಿದವು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಕೈಹಿಡಿದದ್ದು ಟಿವಿ. 1957ರಲ್ಲಿ ಯೂನಿವರ್ಸಲ್‌ನ 52 ಹಳೇ ಚಿತ್ರಗಳನ್ನು ಒಂದು ಕಟ್ಟು ಮಾಡಿ ‘ಶಾಕ್’ ಅನ್ನುವ ಹೆಸರಲ್ಲಿ ಅಮೆರಿಕದ ಟಿವಿ ಕೇಂದ್ರಗಳಿಗೆ ಮಾರಿದರು. ಅಪ್ಪ ಅಮ್ಮ ಥಿಯೇಟರಿನಲ್ಲಿ ಹೆದರಿಕೊಂಡು ನೋಡಿದ್ದನ್ನು ಮಕ್ಕಳು ರಾತ್ರಿ ಮನೆಯ ಹಾಲ್‌ನಲ್ಲಿ ಕೂತು ನೋಡಿದರು. ಅದೇ ವರ್ಷ ಇಂಗ್ಲೆಂಡಿನ ಹ್ಯಾಮರ್ ಕಂಪನಿ ಬಣ್ಣದಲ್ಲಿ ಫ್ರಾಂಕನ್‌ಸ್ಟೈನ್ ಕಥೆ ತೆಗೆಯಿತು. ಕಾದಂಬರಿ ಯಾರ ಸ್ವತ್ತೂ ಅಲ್ಲ, ಯಾರು ಬೇಕಾದರೂ ಬಳಸಬಹುದು. ಆದರೆ ಪಿಯರ್ಸ್ ರೂಪಿಸಿದ ಆ ಮುಖ ಯೂನಿವರ್ಸಲ್‌ನದು. ಹಾಗಾಗಿ ಹ್ಯಾಮರ್ ಚಿತ್ರದಲ್ಲಿ ಜೀವಿಯಾಗಿದ್ದ ಕ್ರಿಸ್ಟೋಫರ್ ಲೀಗೆ ಬೇರೆಯದೇ ಮುಖ ಮಾಡಬೇಕಾಯಿತು. 1964ರಲ್ಲಿ ಬಂದ ‘ದಿ ಮನ್‌ಸ್ಟರ್ಸ್’ ಹಾಸ್ಯ ಧಾರಾವಾಹಿಯ ಅಪ್ಪನಿಗೆ ಅದೇ ಚಪ್ಪಟೆ ತಲೆ ಇತ್ತು. ಅದನ್ನು ತಯಾರಿಸಿದ್ದೂ ಯೂನಿವರ್ಸಲ್ಲೇ ಆದ್ದರಿಂದ ತಕರಾರಿಲ್ಲ.

ದಿನಾ ಬರುವ ಧಾರಾವಾಹಿಗೆ ಇಂಥ ಪಾತ್ರಗಳು ಒಗ್ಗುತ್ತವೆ ಅಂತ ತೋರಿಸಿದ್ದು 1966ರಲ್ಲಿ ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ ಶುರುವಾದ ‘ಡಾರ್ಕ್ ಶ್ಯಾಡೋಸ್’. ಮಧ್ಯಾಹ್ನದ ಸಾಧಾರಣ ಧಾರಾವಾಹಿ ಅದು, ನೋಡುವವರು ಕಡಿಮೆ. 1967ರಲ್ಲಿ ಬಾರ್ನಬಸ್ ಅನ್ನುವ ರಕ್ತಪಿಪಾಸು ಬಂದ. ಸ್ವಲ್ಪ ದಿನಕ್ಕೆ ಅಂತ ತಂದ ಪಾತ್ರ ಜನಕ್ಕೆ ಎಷ್ಟು ಹಿಡಿಸಿತೆಂದರೆ, ಧಾರಾವಾಹಿಯ ಕೇಂದ್ರವೇ ಅವನಾದ, ಧಾರಾವಾಹಿ 1971ರ ತನಕ ನಡೆಯಿತು. ತಾನು ಹೀಗಾದೆನಲ್ಲ ಅಂತ ಕೊರಗುವ ರಕ್ತಪಿಪಾಸುವನ್ನು ಜನ ಪ್ರೀತಿಸಿದರು. ಸಿನಿಮಾಕ್ಕೆ ಅಷ್ಟು ಹೊತ್ತು ಕೊರಗಲು ಪುರುಸೊತ್ತು ಎಲ್ಲಿದೆ?

‘ಪೆನ್ನಿ ಡ್ರೆಡ್‌ಫುಲ್’ ನಿಂತಿರುವುದು ಈ ಪುರುಸೊತ್ತಿನ ಮೇಲೆ. ಹೆಸರು ಬಂದದ್ದು 19ನೇ ಶತಮಾನದ ಇಂಗ್ಲೆಂಡಿನಲ್ಲಿ ವಾರ ವಾರ ಒಂದು ಪೆನ್ನಿಗೆ ಸಿಗುತ್ತಿದ್ದ ರೋಚಕ ಕಥೆಗಳಿಂದ. ಸೃಷ್ಟಿಸಿದವರು ಜಾನ್ ಲೋಗನ್. ಅಮೆರಿಕದ ಶೋಟೈಮ್ ಮತ್ತು ಬ್ರಿಟನ್‌ನ ಸ್ಕೈ ಚಾನೆಲ್‌ಗಳು ಸೇರಿ ಪ್ರಸಾರ ಮಾಡಿದವು, ಚಿತ್ರೀಕರಣ ಬಹುಪಾಲು ಐರ್ಲೆಂಡಿನಲ್ಲಿ ನಡೆಯಿತು. 2016ಕ್ಕೆ ಮುಗಿಯುವಾಗ 3 ಸೀಸನ್, 27 ಕಂತು. ಫ್ರಾಂಕನ್‌ಸ್ಟೈನ್, ಆಸ್ಕರ್ ವೈಲ್ಡ್ ಕಾದಂಬರಿಯ ಡೋರಿಯನ್ ಗ್ರೇ, ಡ್ರಾಕುಲಾ, ತೋಳಮನುಷ್ಯ ಎಲ್ಲರೂ 1890ರ ದಶಕದ ಲಂಡನ್‌ನಲ್ಲಿ ಸುತ್ತಾಡುತ್ತಾರೆ. ಇವಾ ಗ್ರೀನ್ ಅವರ ವನೆಸ್ಸಾ ಕಥೆಯ ನಡುವೆ ಇದ್ದಾಳೆ. ಎಲ್ಲವೂ ಸಮನಾಗಿ ಕೂಡಿಬಂದಿಲ್ಲ. ಕೊನೆಯ ಕಂತುಗಳಲ್ಲಿ ಡ್ರಾಕುಲಾನ ಕಥೆಯನ್ನು ಅವಸರದಲ್ಲಿ ಮುಗಿಸಿದ್ದು ನನಗೆ ಇವತ್ತಿಗೂ ಬೇಸರ.

ಆದರೆ ರೋರಿ ಕಿನ್ನಿಯರ್ ಮಾಡಿದ ಜೀವಿಯನ್ನು ಮರೆಯಲಾಗದು. ಇಲ್ಲಿ ಚಪ್ಪಟೆ ತಲೆ ಇಲ್ಲ. ಬಿಳಿಚಿದ ಮುಖ, ಕಪ್ಪು ಕೂದಲು, ಗಾಯದ ಗೆರೆ, ಹಳದಿ ಕಣ್ಣು. ಸಿನಿಮಾದ ಮುಖ ಬಿಟ್ಟು ಕಾದಂಬರಿಯ ಮನುಷ್ಯನನ್ನೇ ಹುಡುಕಿದ ಹಾಗಿದೆ. ಅವನು ಪುಸ್ತಕ ಓದಿ ಭಾಷೆ ಕಲಿತವನು. ನಾಟಕದ ಥಿಯೇಟರಿನಲ್ಲಿ ತೆರೆಯ ಹಿಂದೆ ಹಗ್ಗ, ಯಂತ್ರ ಎಳೆಯುವ ಕೆಲಸ ಮಾಡುತ್ತಾನೆ. ಎರಡನೇ ಸೀಸನ್‌ನಲ್ಲಿ ಜಾನ್ ಕ್ಲೇರ್ ಅನ್ನುವ ಬಡ ಕವಿಯ ಹೆಸರನ್ನು ತನಗೆ ತಾನೇ ಇಟ್ಟುಕೊಳ್ಳುತ್ತಾನೆ. 1823ರಲ್ಲಿ ಗೆರೆ ಎಳೆದು ಬಿಟ್ಟಿದ್ದ ಜಾಗ ಹೀಗೆ ತುಂಬಿತು. ಅವನು ಕೊಲೆಯನ್ನೂ ಮಾಡಿದ್ದಾನೆ, ಧಾರಾವಾಹಿ ಅದನ್ನು ಮುಚ್ಚಿಡುವುದಿಲ್ಲ. ಆದರೆ ಯಾಕೆ ಮಾಡಿದೆ ಅಂತ ಕೇಳಿದರೆ ಉತ್ತರ ಕೊಡಲು ಅವನಿಗೆ ಬಾಯಿದೆ.

ಮೂರನೇ ಸೀಸನ್‌ನಲ್ಲಿ ಅವನಿಗೆ ತನ್ನ ಹಳೇ ಬದುಕು ನೆನಪಾಗುತ್ತದೆ. ಹೆಂಡತಿ ಇದ್ದಾಳೆ, ಕಾಯಿಲೆಯ ಮಗ ಇದ್ದಾನೆ. ಹುಡುಕಿಕೊಂಡು ಹೋಗುತ್ತಾನೆ, ಮನೆಗೆ ಸೇರಿಸಿಕೊಳ್ಳುತ್ತಾರೆ. ಸ್ವಲ್ಪ ದಿನದಲ್ಲೇ ಮಗ ಸಾಯುತ್ತಾನೆ. ನಿನಗೆ ಜೀವ ಕೊಟ್ಟವನ ಹತ್ತಿರವೇ ಮಗನನ್ನು ಕರೆದುಕೊಂಡು ಹೋಗು, ಇಲ್ಲದಿದ್ದರೆ ಮನೆಗೆ ಬರಬೇಡ ಅನ್ನುತ್ತಾಳೆ ಹೆಂಡತಿ. ಸತ್ತು ಮತ್ತೆ ಎದ್ದವನ ಬದುಕು ಎಂಥದ್ದು ಅಂತ ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಮಗನನ್ನು ಎತ್ತಿಕೊಂಡು ಅವನು ಥೇಮ್ಸ್ ನದಿಗೆ ಹೋಗುತ್ತಾನೆ. ಮೆಲ್ಲಗೆ, ಎರಡೂ ಕೈಯಿಂದ, ನೀರಿಗೆ ಬಿಡುತ್ತಾನೆ.