ಪ್ರೋಬ್ ತೋರಿಸುವ ನಂಬರ್ ಎಲ್ಲಿಯದು?

ವೈರ್‌ಲೆಸ್ ಪ್ರೋಬ್, ಅಂದರೆ ಮಾಂಸಕ್ಕೆ ಚುಚ್ಚಿಟ್ಟು ಫೋನಿನಲ್ಲಿ ಬಿಸಿ ನೋಡುವ ಕಡ್ಡಿಯಂಥ ಥರ್ಮಾಮೀಟರ್, ಮಾಂಸದ ಬಿಸಿಯನ್ನು ಹೇಳುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಅದು ಹೇಳುವುದು ಸೆನ್ಸರ್ ಕೂತಿರುವ ಒಂದು ಚುಕ್ಕೆಯ ಬಿಸಿ ಮಾತ್ರ.

ನನಗೆ ಇದು ಗೊತ್ತಾಗಿದ್ದು ಒಂದು ಇಡೀ ಕೋಳಿ ಕೆಟ್ಟ ಮೇಲೆ. ಫೋನ್ 74 ಡಿಗ್ರಿ ತೋರಿಸಿತು, ಹೊರಗೆ ತೆಗೆದೆ, ತೊಡೆಯ ಸಂದಿಗೆ ಚೂರಿ ಹಾಕಿದರೆ ಒಳಗೆ ಇನ್ನೂ ಹಸಿ. ಪ್ರೋಬಿನ ತುದಿ ಎದೆಮಾಂಸವನ್ನು ದಾಟಿ ಹೊಟ್ಟೆಯ ಟೊಳ್ಳಿಗೆ ಇಣುಕಿತ್ತು, ಅಲ್ಲಿನ ಬಿಸಿ ಗಾಳಿಯನ್ನೇ ಅಳೆದು ಕೂತಿತ್ತು!

ಅದಕ್ಕೇ ಈಗ ಚುಚ್ಚುವ ಮೊದಲು ಪ್ರೋಬನ್ನು ಮಾಂಸದ ಪಕ್ಕ ಹಿಡಿದು, ತುದಿ ಎಲ್ಲಿಗೆ ಬರುತ್ತದೆ ಅಂತ ಕಣ್ಣಲ್ಲೇ ಅಳೆಯುತ್ತೇನೆ. ಅತಿ ದಪ್ಪ ಭಾಗದ ನಡುಮಧ್ಯ ಬೇಕು. ಮೂಳೆ, ಕೊಬ್ಬಿನ ಪದರ, ಟ್ರೇ ಯಾವುದೂ ತಾಗಬಾರದು. ಕೆಲವು ಮಾಡೆಲ್‌ಗಳಲ್ಲಿ ಸೆನ್ಸರ್ ತೀರಾ ತುದಿಯಲ್ಲಿ ಇರುವುದಿಲ್ಲ, ಕೈಪಿಡಿ ನೋಡಿ. ಗೆರೆ ಹಾಕಿದ್ದರೆ ಅಲ್ಲಿಯವರೆಗೆ ಪೂರ್ತಿ ಒಳಗೆ ಹೋಗಲೇಬೇಕು. ಬ್ಯಾಟರಿ, ಸರ್ಕ್ಯೂಟ್ ಇರುವುದು ಆ ಭಾಗದಲ್ಲಿ. ಸುತ್ತ ನೀರಿನಂಶ ಇರುವ ಮಾಂಸ ಇರುವುದರಿಂದಲೇ ಅವು ಸುಡದೆ ಉಳಿಯುತ್ತವೆ.

ಹಿಡಿಯ ಕಡೆ ಇರುವ ಇನ್ನೊಂದು ಸೆನ್ಸರ್ ಓವನ್ ಒಳಗಿನ ಗಾಳಿಯನ್ನು ಅಳೆಯುತ್ತದೆ. ಅದು ಓವನ್‌ಗೆ ನೀವು ಇಟ್ಟ ನಂಬರ್‌ಗಿಂತ ಕಡಿಮೆ ತೋರಿಸಿದರೆ ಗಾಬರಿಯಾಗಿ ಉರಿ ಜಾಸ್ತಿ ಮಾಡಬೇಡಿ. ತಣ್ಣಗಿನ ಮಾಂಸದ ಪಕ್ಕದಲ್ಲೇ, ಅದರ ಮೈಯಿಂದ ಆವಿ ಏಳುವ ಜಾಗದಲ್ಲೇ ಅದು ಕೂತಿರುತ್ತದೆ, ಅಲ್ಲಿನ ಗಾಳಿ ಸ್ವಲ್ಪ ತಂಪು.

ಸಿಗ್ನಲ್ ಕಟ್ಟಾದರೆ ಪ್ರೋಬ್ ಕೆಟ್ಟಿದೆ ಅಂತಲ್ಲ. ಓವನ್ ಅಂದರೆ ಲೋಹದ ಡಬ್ಬ, ಬ್ಲೂಟೂತ್ ಅಲೆ ಹೊರಬರುವುದು ಹೆಚ್ಚಾಗಿ ಬಾಗಿಲಿನ ಕಡೆಯಿಂದ. ಹಿಡಿಯನ್ನು ಬಾಗಿಲಿನ ಕಡೆ ತಿರುಗಿಸಿ, ಡಾಕ್ (ಪ್ರೋಬನ್ನು ಇಟ್ಟು ಚಾರ್ಜ್ ಮಾಡುವ ಡಬ್ಬಿ) ಹತ್ತಿರ ಇಡಿ.

ಪ್ರೋಬ್ ಸರಿಯಿದೆಯಾ ಅಂತ ನೋಡಲು ಲೋಟ ತುಂಬ ಪುಡಿ ಐಸ್, ಅದು ಮುಳುಗುವಷ್ಟು ನೀರು. ಕಲಕಿ, ಗೋಡೆಗೆ ತಾಗದಂತೆ ಎರಡು ಮೂರು ನಿಮಿಷ ಹಿಡಿಯಿರಿ. 0 ಡಿಗ್ರಿ ಬರಬೇಕು. ಕುದಿಯುವ ನೀರಿನ ಪರೀಕ್ಷೆ ನನಗೆ ಅಷ್ಟು ಇಷ್ಟವಿಲ್ಲ. ಎತ್ತರ ಸುಮಾರು 300 ಮೀಟರ್ ಏರಿದರೆ ಕುದಿಯುವ ಬಿಂದು ಒಂದು ಡಿಗ್ರಿ ಇಳಿಯುತ್ತದೆ, ಆ ಲೆಕ್ಕ ಮರೆತರೆ ಸರಿಯಿರುವ ಪ್ರೋಬ್ ಮೇಲೇ ಸುಮ್ನೆ ಅನುಮಾನ ಬರುತ್ತದೆ.

ಒಳಗಿನ ಬಿಸಿ ಕನಿಷ್ಠ ಎಷ್ಟು ಡಿಗ್ರಿ ಸೆಲ್ಸಿಯಸ್ ಇರಬೇಕು ಅನ್ನುವುದಕ್ಕೆ ಅಮೆರಿಕದ ಕೃಷಿ ಇಲಾಖೆಯ ಲೆಕ್ಕ ಹೀಗಿದೆ: ಕೋಳಿಗೆ 74, ಕುರಿ, ದನ, ಹಂದಿಯ ಕೈಮಾಗೆ 71, ಅವುಗಳ ಇಡೀ ತುಂಡಿಗೆ 63 ಮತ್ತು ಮೂರು ನಿಮಿಷ ವಿಶ್ರಾಂತಿ. ದೊಡ್ಡ ತುಂಡು ಹೊರಬಂದ ಮೇಲೂ ಒಳಗೆ ಮೂರರಿಂದ ಐದು ಡಿಗ್ರಿ ಏರುವುದುಂಟು. ಸ್ವಲ್ಪ ಮೊದಲೇ ತೆಗೆಯಿರಿ, ಆದರೆ ಪ್ರೋಬ್ ಕೀಳಬೇಡಿ, ನಂಬರ್ ನಿಜವಾಗಿ ಏರಿತಾ ನೋಡಬೇಕಲ್ಲ. ಕಡಿಮೆ ಉರಿಯಲ್ಲಿ ದೊಡ್ಡ ತುಂಡು 65-75ರ ನಡುವೆ ಗಂಟೆಗಟ್ಟಲೆ ಅಲ್ಲೇ ನಿಂತುಬಿಡುತ್ತದೆ. ಬ್ಯಾಟರಿ ಸತ್ತಿಲ್ಲ, ಬೆವರಿದಾಗ ನಮ್ಮ ಮೈ ತಂಪಾಗುವ ಹಾಗೆ ಮಾಂಸವೂ ನೀರು ಬಿಟ್ಟು ತಂಪಾಗುತ್ತಿದೆ.

ಕೊನೆಗೆ ಬೇರೆ ಥರ್ಮಾಮೀಟರ್‌ನಿಂದ ಮೂರು ಕಡೆ ಚುಚ್ಚಿ, ಬಂದದ್ದರಲ್ಲಿ ಅತಿ ಕಡಿಮೆ ನಂಬರನ್ನೇ ನಂಬಿ. ಕೋಳಿಯಾದರೆ ತೊಡೆಯ ಸಂದಿಯಿಂದ ಶುರುಮಾಡಿ.